ಹಿಂದಿನಿಂದ ಬರುವ ಗಾಳಿ

ಫೆಬ್ರವರಿ 12, 1894, ಸೋಮವಾರ

ಇವತ್ತು ಪಾದ್ರಿ ಹ್ಯಾಲಮ್ ಬಂದಿದ್ದರು. ನಾವು ಮೆಥಡಿಸ್ಟ್ ಚಾಪೆಲಿಗೆ ಹೋಗುವವರು, ಅವರ ಚರ್ಚಿಗಲ್ಲ. ಹಾಗಾಗಿ ಅವರು ನಮ್ಮ ಹೊಸ್ತಿಲು ತುಳಿದರೆಂದರೆ ಏನೋ ಕೆಲಸವಿದೆ ಎಂದೇ ಅರ್ಥ. ನಮ್ಮ ಥಾರ್ಬಿ ಊರಿನ ಚರಿತ್ರೆ ಬರೆಯುತ್ತಿದ್ದಾರಂತೆ, ಅದರಲ್ಲಿ ನಮ್ಮ ಗಾಳಿಗಿರಣಿಗೇ ಒಂದು ಅಧ್ಯಾಯವಂತೆ. ಮಾತಾಡುತ್ತ ತಾವು ಬಿಡಿಸಿದ ಚಿತ್ರವೊಂದನ್ನು ನನ್ನ ಗಂಡನ ಕೈಗೆ ಕೊಟ್ಟು ಹೇಗಿದೆ ಎಂದು ಕೇಳಿದರು. ರೂಬೆನ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ತಲೆಯನ್ನು ಒಂದು ಕಡೆಗೆ ವಾಲಿಸಿದ. "ಐದು ರೆಕ್ಕೇನೂ ಸರಿಯಾಗಿ ಬಂದಿವೆ ಪಾದ್ರಿಗಳೇ" ಎಂದ.

ಅದು ಚರ್ಚಿನ ಚಿತ್ರ.

ಚಿತ್ರವನ್ನು ಅವನ ಕೈಯಿಂದ ಕಿತ್ತುಕೊಂಡು, ಇವನಿಗೆ ಮೊದಲಿನಿಂದಲೂ ಈ ತಮಾಷೆಯ ಚಟ, ದೊಡ್ಡವರು ಚಿಕ್ಕವರು ಅಂತಿಲ್ಲ ಎಂದು ನಕ್ಕುಬಿಟ್ಟೆ. ಪಾದ್ರಿಗಳೂ ನಕ್ಕರು. ನಗುವಾಗ ರೂಬೆನ್ನನ ಕಣ್ಣನ್ನು ನೋಡಿದರೋ ಇಲ್ಲವೋ ಗೊತ್ತಾಗಲಿಲ್ಲ. ಹೋಗುವಾಗ ನೀಲಿ ಗೆರೆಯ ಈ ಪುಸ್ತಕ ಕೊಟ್ಟು, ರೂಬೆನ್ ಹೇಳಿದ್ದನ್ನೆಲ್ಲ ಬರೆದಿಡು ಎಂದರು. ಪುಸ್ತಕದ ಮುಂಭಾಗದಿಂದ ಗಿರಣಿಯ ಚರಿತ್ರೆ ಬರೆಯುತ್ತೇನೆ. ಹಿಂಭಾಗದ ಪುಟಗಳು ನನಗೆ. ಕೊಡುವಾಗ ಹರಿದಿಟ್ಟುಕೊಂಡರಾಯಿತು.

ಫೆಬ್ರವರಿ 13

ರೂಬೆನ್ನನಿಗೆ ಕಣ್ಣು ಕಾಣುವುದಿಲ್ಲ. ಬರೆದೇಬಿಟ್ಟೆ.

ಎರಡು ವರ್ಷದ ಹಿಂದೆ ಮಂಜು ಕವಿದ ಹಾಗೆ ಆಗುತ್ತದೆ ಎಂದ. ಈಗ ಕಿಟಕಿ ಎಲ್ಲಿದೆ ಎಂಬುದು ಕಾಣುತ್ತದೆ, ಅಷ್ಟೇ. ಇದು ಗೊತ್ತಿರುವುದು ಅವನಿಗೆ, ನನಗೆ, ಲೌತ್ ಪೇಟೆಯ ಡಾಕ್ಟರಿಗೆ. ಗಿರಣಿಯೊಳಗೆ ಅವನಿಗೆ ಕಣ್ಣು ಬೇಡ. ಯಾವ ಏಣಿಗೆ ಎಷ್ಟು ಮೆಟ್ಟಿಲು, ಯಾವ ಹಲ್ಲುಚಕ್ರ ಎಲ್ಲಿ ಎಂಬುದು ಕೈಗೇ ಗೊತ್ತು. ಹಿಟ್ಟನ್ನು ಹೆಬ್ಬೆರಳಿನಲ್ಲಿ ಉಜ್ಜಿದರೆ ಕಲ್ಲನ್ನು ಏರಿಸಬೇಕೋ ಇಳಿಸಬೇಕೋ ಹೇಳಿಬಿಡುತ್ತಾನೆ. ಆದರೆ ಆಕಾಶವನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಲಾಗುತ್ತದೆಯೇ?

ಗಿರಣಿಯೂ ಈ ಮನೆಯೂ ಹಾಲ್‌ನ, ಅಂದರೆ ಊರಿನ ಜಮೀನ್ದಾರಿ ಬಂಗಲೆಯ, ದೊರೆಗಳವು. ಇಪ್ಪತ್ತೊಂದು ವರ್ಷದ ಗೇಣಿ ಈ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಅದಕ್ಕೆ ಮೊದಲು, ಆಗಸ್ಟಿನಲ್ಲಿ, ಅವರ ಏಜೆಂಟ್ ಪಿಂಚ್‌ಬೆಕ್ ಬಂದು ಗಿರಣಿಯನ್ನೂ ಗಿರಣಿಗಾರನನ್ನೂ ನೋಡಿಕೊಂಡು ಹೋಗುತ್ತಾನೆ. ಕುರುಡನ ಕೈಗೆ ಯಾರು ಗಿರಣಿ ಕೊಡುತ್ತಾರೆ? ಲೌತಿನಲ್ಲಿ ಉಗಿಯ ಗಿರಣಿ ಬಂದ ಮೇಲಂತೂ ಇದರ ರೆಕ್ಕೆ ಬಿಚ್ಚಿಸಿ ಗೋಪುರವನ್ನು ಹುಲ್ಲು ತುಂಬಲು ಇಟ್ಟುಕೊಳ್ಳೋಣ ಎಂಬ ಮಾತು ಹಾಲ್‌ನಲ್ಲಿ ಆಗಲೇ ಎದ್ದಿದೆ.

ನಮಗೆ ಮಕ್ಕಳಿಲ್ಲ. ಹೋಗುವುದಾದರೆ ಮೀನುಬಂದರು ಗ್ರಿಮ್ಸ್‌ಬಿಯಲ್ಲಿ ನನ್ನ ತಂಗಿ ಲೆಟಿಯ ಹಿಂದಿನ ಕೋಣೆಗೆ. ನನಗೇನೋ ಖುಷಿಯೇ. ಅಲ್ಲಿ ಗ್ಯಾಸ್ ದೀಪವಿದೆ, ಟ್ರಾಮ್ ಇದೆ, ಕಾಲಿಗೆ ಕೆಸರಿಲ್ಲ. ಈ ಗಿರಣಿಯೆಂದರೆ ನನಗೆ ಮದುವೆಯಾದ ದಿನದಿಂದ ಜೀವಭಯ. ಇಪ್ಪತ್ತೇಳು ವರ್ಷದಲ್ಲಿ ಹಿಟ್ಟು ಬೀಳುವ ಕೆಳಗಿನ ಅಟ್ಟಕ್ಕೆ ಬಿಟ್ಟರೆ ಮೇಲೆ ಕಾಲಿಟ್ಟಿಲ್ಲ. ಆದರೆ ರೂಬೆನ್ನನನ್ನು ಮೀನಿನ ವಾಸನೆಯ ಕೋಣೆಯಲ್ಲಿ ಕೂರಿಸಿದರೆ ಆರು ತಿಂಗಳು ಬದುಕುವುದಿಲ್ಲ. ಅದೊಂದು ನನಗೆ ಗೊತ್ತು. ಆಗಸ್ಟ್ ದಾಟಿಸಬೇಕು ದೇವರೇ, ಅಷ್ಟು ಸಾಕು.

ಮಾರ್ಚ್ 3, ಶನಿವಾರ

ಒಂದು ಉಪಾಯ ಮಾಡಿದ್ದೇವೆ. ನಾನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಆಲೂಗೆಡ್ಡೆ ಸುಲಿಯುತ್ತ ಆಕಾಶ ನೋಡುವುದು. ಗಾಳಿ ಏರಿದರೆ ಈಸ್ಟರ್ ಹಬ್ಬದ ಹಾಡು. ಇಳಿದರೆ ಸಾವಿನ ಮನೆಯ ಹಾಡು. ಬೀಸುಕಲ್ಲಿನ ಗುಡುಗುಡು ಸದ್ದಿನಲ್ಲಿ ಅವನಿಗೆ ಕೇಳಬೇಕಲ್ಲ, ಹಾಡುವುದೇನು ಬಂತು, ಗಂಟಲು ಹರಿಯುವ ಹಾಗೆ ಕಿರುಚಬೇಕು. ಮಾರ್ಚಿನ ಚಳಿಗೆ ಬೆರಳು ಮರಗಟ್ಟಿ ಆಲೂಗೆಡ್ಡೆಯ ಜೊತೆ ಚರ್ಮವನ್ನೂ ಸುಲಿದುಕೊಂಡೆ.

ಜೋಬ್ ಕಟ್‌ಫರ್ತ್ ಹಂದಿಗಳಿಗೆ ಬಾರ್ಲಿ ಬೀಸಿಸಲು ಗಾಡಿ ಕಟ್ಟಿಕೊಂಡು ಬಂದಿದ್ದ. ನಮ್ಮ ರೂಬೆನ್ನನಿಗಿಂತ ಹತ್ತು ವರ್ಷ ದೊಡ್ಡವನು, ನಾಲಿಗೆಗೆ ಮೂಳೆಯಿಲ್ಲ. ಟೋಪಿ ತೆಗೆದು ಎದೆಗಿಟ್ಟುಕೊಂಡು, ಇವತ್ತು ಯಾರು ಹೋದರಮ್ಮಾ ಡಾರ್ಕಸ್, ಬೆಳಗ್ಗೆಯಿಂದ ಮೂರು ಹೆಣ ಎತ್ತಿಬಿಟ್ಟೆಯಲ್ಲ ಎಂದ. ಗಾಳಿ ಮೂರು ಸಲ ಬಿದ್ದಿತ್ತು, ನಾನೇನು ಮಾಡಲಿ? ಚಾಪೆಲಿನ ಹಾಡು ಅಭ್ಯಾಸ ಮಾಡುತ್ತಿದ್ದೇನೆ ಎಂದೆ.

ಮಾರ್ಚ್ 21, ಬುಧವಾರ

ಪಾದ್ರಿಗಳಿಗಾಗಿ ರೂಬೆನ್ ಹೇಳಿದ್ದನ್ನು ಬರೆದುಕೊಂಡೆ. ಚರಿತ್ರೆ ಕೇಳಿದರೆ ಅವನ ಮುಖ ಅರಳುತ್ತದೆ, ನನಗೂ ಒಂದು ಗಳಿಗೆ ಆಗಸ್ಟ್ ಮರೆತುಹೋಗುತ್ತದೆ.

ಮೊದಲು ಇಲ್ಲಿ ಮರದ ಗಿರಣಿಯಿತ್ತಂತೆ, ಗಾಳಿಗೆ ಮಗುಚಿ ಬಿತ್ತು. 1821ರಲ್ಲಿ ಅವನ ಅಜ್ಜ ಐಸಾಕ್ ಓಡ್ಲಿಂಗ್ ಹಾಲ್‌ನ ಆಗಿನ ದೊರೆಯನ್ನು ಕಾಡಿ ಬೇಡಿ ಇಟ್ಟಿಗೆಯ ಗೋಪುರ ಕಟ್ಟಿಸಿದ. ಮಣ್ಣು ತೆಗೆದದ್ದು ಹಿಂದಿನ ಹೊಲದಲ್ಲೇ, ಆ ಹಳ್ಳವೇ ಈಗ ನಮ್ಮ ಬಾತುಕೋಳಿಗಳ ಕೊಳ. ಮೊದಲ ಗೂಡು ಇಟ್ಟಿಗೆ ಸರಿಯಾಗಿ ಬೇಯಲಿಲ್ಲ. ಎಸೆಯಲು ಮನಸ್ಸಾಗದೆ ಅಜ್ಜ ಅವನ್ನೆಲ್ಲ ಬಡಗಣ ಬದಿಯ ಬುಡಕ್ಕೆ ಹಾಕಿಸಿದ. ಅದಕ್ಕೇ ಹೊರಗೆ ಎಷ್ಟು ಡಾಂಬರು ಬಳಿದರೂ ಆ ಗೋಡೆ ಇಂದಿಗೂ ಒಸರುತ್ತದೆ, ಅದಕ್ಕೆ ಒರಗಿಸಿಟ್ಟ ಮೂಟೆಯ ಹಿಟ್ಟು ಗಂಟುಗಟ್ಟುತ್ತದೆ. ಇದನ್ನು ಬರೆಯಬೇಡ ಎಂದ ರೂಬೆನ್. ಬರೆದೆ.

ಐದು ರೆಕ್ಕೆ ಇಡಿಸಿದ್ದೂ ಅಜ್ಜನೇ. ಸುತ್ತಮುತ್ತ ಎಲ್ಲರಿಗೂ ನಾಲ್ಕಿದ್ದಾಗ ತನಗೆ ಐದು ಬೇಕೆಂಬ ಜಂಬ. ನಾಲ್ಕರಲ್ಲಿ ಒಂದು ಮುರಿದರೆ ಎದುರಿನದನ್ನೂ ಬಿಚ್ಚಿ ಎರಡರಲ್ಲೇ ಹೇಗೋ ಓಡಿಸಬಹುದು. ಐದರಲ್ಲಿ ಒಂದು ಮುರಿದರೆ ತೂಕ ತಪ್ಪುತ್ತದೆ, ಗಿರಣಿ ನಿಂತಂತೆಯೇ. ಅಜ್ಜನ ಜಂಬಕ್ಕೆ ನಾನು ಪ್ರತಿ ಬಿರುಗಾಳಿಯಲ್ಲೂ ಪ್ರಾರ್ಥನೆ ಮಾಡಬೇಕಾಗಿದೆ.

ಏಪ್ರಿಲ್ 9, ಸೋಮವಾರ



ನಮ್ಮ ಗಿರಣಿಗೆ ಎದುರುಬದುರಾಗಿ ಎರಡು ಬಾಗಿಲು. ರೆಕ್ಕೆಗಳು ನೆಲದಿಂದ ಮೊಣಕಾಲೆತ್ತರದವರೆಗೆ ಇಳಿದು ಬೀಸುತ್ತವೆ, ಆದ್ದರಿಂದ ಅವು ತಿರುಗುವ ಬದಿಯ ಬಾಗಿಲನ್ನು ಬಿಟ್ಟು ಇನ್ನೊಂದರಲ್ಲಿ ಓಡಾಡಬೇಕು. ಬೆಳಗ್ಗೆ ಗಾಳಿ ಪಶ್ಚಿಮದ್ದಿತ್ತು, ರೂಬೆನ್ ಪೂರ್ವದ ಬಾಗಿಲಿನಿಂದ ಒಳಗೆ ಹೋದ. ಹನ್ನೊಂದಕ್ಕೆ ಗಾಳಿ ಸುತ್ತಿಕೊಂಡಿತು. ಅದರ ಜೊತೆ ಗೋಪುರದ ತಲೆಯ ಮೇಲಿನ ಟೋಪಿ ತಿರುಗಿತು, ಟೋಪಿಗೆ ಸೇರಿದ ರೆಕ್ಕೆಗಳೂ ತಿರುಗಿ ಪೂರ್ವದ ಬಾಗಿಲ ಮುಂದೆಯೇ ಬಂದವು. ನನಗೆ ಏರುವ ಗಾಳಿಗೂ ಇಳಿಯುವ ಗಾಳಿಗೂ ಹಾಡಿತ್ತು, ಸುತ್ತುವ ಗಾಳಿಗೆ ಇರಲಿಲ್ಲ. ಅದೊಂದನ್ನು ಇಬ್ಬರೂ ಮರೆತಿದ್ದೆವು.

ಊಟಕ್ಕೆಂದು ಅವನು ಬಂದ ಬಾಗಿಲಿನಿಂದಲೇ ಹೊರಗೆ ಹೆಜ್ಜೆಯಿಟ್ಟ. ಓಡಿಹೋಗಿ ಎದೆಗೆ ಗುದ್ದಿ ಒಳಗೆ ತಳ್ಳಿದೆ. ರೆಕ್ಕೆ ನನ್ನ ಲಂಗದ ಅಂಚನ್ನು ಸವರಿಕೊಂಡು ಹೋಯಿತು. ಹಿಟ್ಟಿನ ಮೂಟೆಗಳ ಮೇಲೆ ಇಬ್ಬರೂ ಬಿದ್ದುಕೊಂಡಿದ್ದೆವು. ಊಟಕ್ಕೆ ಕರೆಯಲು ಇದಕ್ಕಿಂತ ಮೆತ್ತಗಿನ ದಾರಿ ಇರಲಿಲ್ಲವಾ ಎಂದ ಅವನು. ನಾನು ಅವನ ಭುಜಕ್ಕೆ ಒಂದು ಬಿಟ್ಟೆ. ಆಮೇಲೆ ಅತ್ತೆ.

ಇನ್ನು ಹೊರಗೆ ಕೂತರೆ ಆಗದು. ಒಳಗೇ ಅವನ ಪಕ್ಕದಲ್ಲಿರಬೇಕು. ಮಧ್ಯಾಹ್ನ ಜೀವ ಕೈಯಲ್ಲಿ ಹಿಡಿದುಕೊಂಡು ಬೀಸುಕಲ್ಲಿನ ಅಟ್ಟದವರೆಗೆ ಹತ್ತಿದೆ. ಅಲ್ಲಿನ ಕಿಟಕಿಯಿಂದ ಆಕಾಶ ಚೆನ್ನಾಗಿ ಕಾಣುತ್ತದೆ. ಇಳಿಯುವಾಗ ಕಣ್ಣು ಮುಚ್ಚಿಕೊಂಡಿದ್ದೆ.

ಏಪ್ರಿಲ್ 30

ಗಾಳಿಯೇ ಇಲ್ಲ. ನಾಲ್ಕು ದಿನದ ಧಾನ್ಯ ಕೂಡಿದೆ. ಯಾರಾದರೂ ಬಂದು ಮಾತಿಗೆ ನಿಂತರೆ ನನಗೆ ಮೈಯೆಲ್ಲ ಕಿವಿ. ರೂಬೆನ್ ಅವರ ಮುಖ ಬಿಟ್ಟು ಪಕ್ಕದ ಕಂಬಕ್ಕೆ ಮಾತಾಡಿದರೆ ಎಂದು.

ಮೇ 19, ಶನಿವಾರ

ಟೋಪಿಯ ಹಿಂದಿರುವ ಆ ಪುಟ್ಟ ಚಕ್ರ ಯಾಕೆ ಎಂದು ಪಾದ್ರಿಗಳು ಚೀಟಿ ಕಳಿಸಿದ್ದರು. ಗಾಳಿಯ ದಿಕ್ಕು ಬದಲಾದರೆ ಆ ಹಿಂಚಕ್ರ ತಾನಾಗಿ ತಿರುಗಿ, ಟೋಪಿಯನ್ನು ನಿಧಾನಕ್ಕೆ ಗಾಳಿಯ ಮುಖಕ್ಕೆ ತಿರುಗಿಸುತ್ತದೆ, ಗಿರಣಿಗಾರ ಕೈ ಹಚ್ಚಬೇಕಿಲ್ಲ ಎಂದು ಬರೆದೆ. ಅದನ್ನು ಓದಿ ಹೇಳಿದಾಗ ರೂಬೆನ್ 1861ರ ಕಥೆ ಹೇಳಿದ. ನನಗೆ ಇದುವರೆಗೆ ಹೇಳಿರಲಿಲ್ಲ.

ಆಗಸ್ಟ್ ತಿಂಗಳು, ನೈರುತ್ಯದ ಒಳ್ಳೆಯ ಗಾಳಿ. ಅವನ ಅಪ್ಪ ಗಿರಣಿಯನ್ನು ತಿರುಗಲು ಬಿಟ್ಟು ಊಟಕ್ಕೆ ಕೂತಿದ್ದ. ಗುಡುಗಿನ ಮೋಡ ಈಶಾನ್ಯದಿಂದ, ಗಾಳಿಗೆ ಎದುರಾಗಿ ಏರಿ ಬಂತು. ಅಂಥ ಮೋಡ ಬರುವಾಗ ಮೊದಲು ಗಾಳಿ ಸತ್ತುಹೋಗುತ್ತದೆ. ಒಂದು ಎಲೆ ಅಲುಗುವುದಿಲ್ಲ. ಆಮೇಲೆ ಒಂದೇ ಸಲ ಹಿಂದಿನಿಂದ ಹೊಡೆಯುತ್ತದೆ. ಹಿಂಚಕ್ರ ನಿಧಾನದ ಪ್ರಾಣಿ, ಅರ್ಧ ಸುತ್ತು ತಿರುಗಿಸಲು ಅದಕ್ಕೆ ಹೊತ್ತು ಬೇಕು. ಅಷ್ಟರಲ್ಲಿ ಗಾಳಿ ರೆಕ್ಕೆಗಳನ್ನು ಬೆನ್ನಿನಿಂದ ಎತ್ತಿ ಟೋಪಿಯನ್ನೇ ಕಿತ್ತು ಟರ್ನಿಪ್ ಹೊಲಕ್ಕೆ ಎಸೆದಿತ್ತು. ಇದು ಗಿರಣಿಗಾರರೇ ಮಾಡುವ ತಪ್ಪು ಎಂದ ರೂಬೆನ್. ಮೂವತ್ತು ವರ್ಷ ಅದು ತಾನಾಗಿ ತಿರುಗಿದ್ದನ್ನು ನೋಡಿ ನೋಡಿ ನಂಬಿಬಿಡುತ್ತಾರೆ. ಅಪ್ಪ ಕೊನೆಯವರೆಗೂ ದೇವರ ಇಚ್ಛೆ ಎನ್ನುತ್ತಿದ್ದ, ನಿಜಕ್ಕೂ ಅದು ಎರಡನೆಯ ಸಲ ಬಡಿಸಿಕೊಂಡ ಹಂದಿಮಾಂಸದ ಇಚ್ಛೆ. ಮೋಡ ಕಂಡ ಕೂಡಲೇ ಮೇಲೆ ಹೋಗಿ ಹಿಡಿ ತಿರುವಿ ಟೋಪಿಯನ್ನು ಕೈಯಲ್ಲೇ ಮೋಡದ ಕಡೆಗೆ ತಿರುಗಿಸಬೇಕಿತ್ತಂತೆ.

ಕಂಡ ಕೂಡಲೇ, ಎಂದು ಇನ್ನೊಮ್ಮೆ ಹೇಳಿದ. ನಾನು ಚಹಾ ಹಾಕಲು ಎದ್ದೆ.

ಜೂನ್ 11, ಸೋಮವಾರ

ಕಳೆದ ವಾರವೆಲ್ಲ ಕಲ್ಲು ಕೆತ್ತುವ ಕೆಲಸ. ಮೇಲಿನ ಕಲ್ಲನ್ನು ಎತ್ತಿ ಮಗುಚಿ ಹಾಕಿದೆವು. ಕೆಂಪು ಮಣ್ಣು ಬಳಿದ ಮರದ ಪಟ್ಟಿಯನ್ನು ಕಲ್ಲಿನ ಮೇಲೆ ಆಡಿಸಿದರೆ ಎಲ್ಲಿ ಉಬ್ಬಿದೆಯೋ ಅಲ್ಲಿ ಕೆಂಪು ಹತ್ತುತ್ತದೆ, ಅಲ್ಲಲ್ಲಿ ಉಳಿ ಹೊಡೆಯಬೇಕು. ಆ ಕೆಂಪು ಅವನಿಗೆ ಕಾಣುವುದಿಲ್ಲ. ಮೊದಲ ದಿನ ನಾನು ಅವನ ಬೆರಳು ಹಿಡಿದು ತೋರಿಸಿದೆ. ಎರಡನೆಯ ದಿನ ಅದರಿಂದ ಹೊತ್ತು ಹಿಡಿಯುತ್ತದೆಂದು ಉಳಿಯನ್ನು ನಾನೇ ತೆಗೆದುಕೊಂಡೆ. ಉಕ್ಕಿನ ಚೂರುಗಳು ಮುಂಗೈಗೆ ನೆಟ್ಟು ನೀಲಿ ಚುಕ್ಕೆಗಳಾಗಿವೆ. ಉಜ್ಜಿದರೂ ಹೋಗುತ್ತಿಲ್ಲ. ಚಾಪೆಲಿಗೆ ಕೈಗವಸು ಹಾಕಿಕೊಂಡು ಹೋದೆ.

ಕೆತ್ತಿದ ಮೇಲೆ ಬಿದ್ದ ಮೊದಲ ಹಿಟ್ಟು ಬಿಸಿಯಾಗಿತ್ತು, ಕಲ್ಲನ್ನು ಸ್ವಲ್ಪ ಏರಿಸಿದೆ, ಸರಿಹೋಯಿತು.

ಜುಲೈ 5, ಗುರುವಾರ

ಲೆಟಿಯ ಕಾಗದ ಬಂದು ಮೂರು ವಾರವಾಯಿತು, ಉತ್ತರ ಬರೆದಿಲ್ಲ. ಕೋಣೆಗೆ ಹೊಸ ಪರದೆ ಹಾಕಿಸಿದ್ದಾಳಂತೆ. ಬರೆಯಬೇಕು. ಗಾಳಿ ಇರುವ ದಿನ ಹೊತ್ತು ಸಿಗುವುದಿಲ್ಲ, ಇಲ್ಲದ ದಿನ ಮನಸ್ಸಿರುವುದಿಲ್ಲ.

ಜೋಬ್ ಕಟ್‌ಫರ್ತ್ ಬಂದಿದ್ದ. ರೂಬೆನ್ ಪಕ್ಕದಲ್ಲೇ ನಿಂತಿದ್ದರೂ ನನ್ನನ್ನು ಕೇಳಿದ, ಶನಿವಾರ ಗಾಳಿ ಇರುತ್ತದಾ ಡಾರ್ಕಸ್, ಅವರೆಕಾಳು ತರಲಾ ಎಂದು. ಬೆಳಗ್ಗೆ ಇರುತ್ತದೆ, ಹತ್ತರೊಳಗೆ ತಾ ಎಂದೆ. ಅವನು ಹೋದ ಮೇಲೆ ಯೋಚನೆಗಿಟ್ಟುಕೊಂಡಿತು. ಯಾಕೆ ನನ್ನನ್ನು ಕೇಳಿದ? ಏನಾದರೂ ಗೊತ್ತಾಗಿದೆಯೇ? ಟೋಪಿಯ ಕೆಳಗಿನ ದೂಳಿನ ಅಟ್ಟದಲ್ಲಿ ಒಂದು ಹಲಗೆ ಸಡಿಲಾಗಿತ್ತು, ಅಲ್ಲಿ ಕೂತು ಮೊಳೆ ಹೊಡೆಯುತ್ತ ಅದನ್ನೇ ನೆನೆದೆ.

ಜುಲೈ 28, ಶನಿವಾರ

ಪಿಂಚ್‌ಬೆಕ್‌ನ ಕಾಗದ. ಆಗಸ್ಟ್ 14, ಮಂಗಳವಾರ, ಮಧ್ಯಾಹ್ನ ಎರಡಕ್ಕೆ. ಓದಿ ಹೇಳಿದೆ. ಬರಲಿ ಬಿಡು ಎಂದ ರೂಬೆನ್. ರಾತ್ರಿಯೂಟಕ್ಕೆ ಇಬ್ಬರೂ ಒಂದು ತುತ್ತು ತಿನ್ನಲಿಲ್ಲ.

ಆಗಸ್ಟ್ 13

ನಾಟಕದ ಅಭ್ಯಾಸ ಮಾಡಿದೆವು. ನಾನು ಪಿಂಚ್‌ಬೆಕ್. ಏಜೆಂಟ್ ಕೈ ಕುಲುಕಲು ಕೈ ನೀಡಿದರೆ ನಾನು ಕೆಮ್ಮುತ್ತೇನೆ. ಕಾಗದ ಕೊಟ್ಟರೆ, ಕೈಯೆಲ್ಲ ಹಿಟ್ಟು ಸಾರ್, ಇವಳು ಹಿಡಿದುಕೊಳ್ಳುತ್ತಾಳೆ ಎನ್ನಬೇಕು. ನೈರುತ್ಯದ ಗಾಳಿ ಇದ್ದರೆ ಐದು ರೆಕ್ಕೆಗಳಿಗೂ ಪೂರ್ತಿ ಗಾಳಿ ಕೊಟ್ಟು ಬಿಟ್ಟು ತೋರಿಸಬೇಕು. ನೋಡಿದವರ ಬಾಯಿ ಮುಚ್ಚಬೇಕು ಎಂದ ರೂಬೆನ್. ಅವನ ಕೂದಲು ಕತ್ತರಿಸಿದೆ. ಕತ್ತಿನ ಹಿಂದೆ ಎಷ್ಟು ಬೆಳ್ಳಗಾಗಿದ್ದಾನೆ.

ಆಗಸ್ಟ್ 14, ಮಂಗಳವಾರ

ಎಲ್ಲ ಬರೆಯಬೇಕು, ಇಲ್ಲದಿದ್ದರೆ ತಲೆ ಒಡೆದುಹೋಗುತ್ತದೆ.

ಬೆಳಗ್ಗೆಯಿಂದ ವಿಪರೀತ ಸೆಕೆ. ಗಾಳಿ ನಾವು ಬೇಡಿಕೊಂಡ ಹಾಗೆ ನೈರುತ್ಯದ್ದೇ. ರೂಬೆನ್ ಭಾನುವಾರದ ಕೋಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಪಿಂಚ್‌ಬೆಕ್ ಎರಡಕ್ಕೆ ಸರಿಯಾಗಿ ಕುದುರೆಗಾಡಿಯಲ್ಲಿ ಬಂದ. ಬಿಳಿಚಿದ, ಸಣಕಲು, ಮಾತು ಕಡಿಮೆಯ ಮನುಷ್ಯ. ಕೈ ಕುಲುಕಿದ್ದು ಸರಿಹೋಯಿತು, ಕಾಗದದ್ದೂ ಸರಿಹೋಯಿತು. ಪಿಂಚ್‌ಬೆಕ್ ಹಿಟ್ಟಿನ ಅಟ್ಟ ನೋಡಿದ, ಕಲ್ಲು ನೋಡಿದ, ಕೆತ್ತಿದ ಗೆರೆಗಳ ಮೇಲೆ ಬೆರಳಾಡಿಸಿ ಹೂಂ ಎಂದ. ನನಗೆ ಉಸಿರು ಬಂತು. ಅಂಗಳಕ್ಕೆ ಬಂದೆವು. ರೆಕ್ಕೆಗಳು ಜೋರಾಗಿ ತಿರುಗುತ್ತಿದ್ದವು. ರೂಬೆನ್ ಅವುಗಳಿಗೆ ಬೆನ್ನು ಕೊಟ್ಟು, ಮುಖವನ್ನು ಗಾಳಿಗೊಡ್ಡಿ, ರಾಜನ ಹಾಗೆ ನಿಂತಿದ್ದ.

ಆಗ ನನಗೆ ಮೋಡ ಕಂಡಿತು. ಈಶಾನ್ಯದಲ್ಲಿ, ಗೋಪುರದ ಹಿಂದೆ, ಮಸಿಯ ಹಾಗೆ ಕಪ್ಪಗೆ. ನೋಡುತ್ತಿದ್ದ ಹಾಗೇ ಏರುತ್ತಿತ್ತು.

ಮಳೆ ಬರುವ ಲಕ್ಷಣ ಇದೆಯಾ ಎಂದು ಪಿಂಚ್‌ಬೆಕ್ ಕೇಳಿದ. ರೂಬೆನ್ ಕೈಯೆತ್ತಿ ಆಕಾಶ ತೋರಿಸಿದ.

"ಎಲ್ಲಿ ಸಾರ್ ಮಳೆ? ನೋಡಿ, ಒಂದು ಚೂರು ಮೋಡ ಇಲ್ಲ. ಸಂಜೆವರೆಗೂ ಇದೇ ಗಾಳಿ."

ಪಿಂಚ್‌ಬೆಕ್ ಆ ಮೋಡವನ್ನು ನೋಡಿದ. ರೂಬೆನ್ನನ ಮುಖ ನೋಡಿದ. ಆಮೇಲೆ ನನ್ನನ್ನು ನೋಡಿದ.

ನಾನು ನಗಬಹುದಿತ್ತು. ಇವನಿಗೆ ತಮಾಷೆಯ ಚಟ ಎನ್ನಬಹುದಿತ್ತು. ಮೋಡ ಸಮುದ್ರದ ಕಡೆಗೆ ಸರಿದು ಹೋಗುವುದೂ ಉಂಟು, ನಾಲ್ಕರಲ್ಲಿ ಮೂರು ಸಲ ಹಾಗೇ ಆಗುತ್ತದೆ. ಸುಮ್ಮನಿದ್ದರೆ ಇನ್ನೂ ಗುಟ್ಟು ಉಳಿಯಬಹುದು ಎಂದು ಆಸೆಪಟ್ಟೆ, ಸುಳ್ಳು ಯಾಕೆ ಹೇಳಲಿ. ಆದರೆ ಊರಾಚೆಯ ಇಟ್ಟಿಗೆ ಗೂಡಿನ ಹೊಗೆ ವಾಲುವುದನ್ನು ಬಿಟ್ಟು ನೆಟ್ಟಗೆ ನಿಂತಿತು. ನನ್ನ ಕೆನ್ನೆಗೆ ತಗಲುತ್ತಿದ್ದ ಗಾಳಿ ಸತ್ತುಹೋಯಿತು. ರೆಕ್ಕೆಗಳು ಮೆಲ್ಲಗಾದವು. ನಾನು ಓಡಿಹೋಗಿ ರೆಕ್ಕೆ ನಿಲ್ಲಿಸುವ ಬ್ರೇಕಿನ ಹಗ್ಗ ಎಳೆದು ಕಟ್ಟಿದೆ.

"ಯಾರು ಹಗ್ಗ ಎಳೆದಿದ್ದು?" ರೂಬೆನ್ ಕೂಗಿದ.

"ನಾನು."

"ತಲೆ ಕೆಟ್ಟಿದೆಯೇನೆ? ಬಿಡು ಅದನ್ನ. ಸಾಹೇಬರು ನೋಡ್ತಿದ್ದಾರೆ."

"ರೂಬೆನ್, ನಿನ್ನ ಬೆನ್ನ ಹಿಂದೆ ಆಕಾಶ ಪೂರ್ತಿ ಕಪ್ಪಾಗಿದೆ. ನಿನಗೆ ಕಾಣ್ತಿಲ್ಲ."

ಹೇಳಿಬಿಟ್ಟೆ. ಅವನ ಮುಖ ಆಗ ಏನಾಯಿತೆಂದು ಬರೆಯಲಾರೆ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದವಳು ಪರರ ಮುಂದೆ ಅವನ ಮಾನ ಕಳೆದೆ.

ನಿಂತು ಅಳಲು ಹೊತ್ತಿರಲಿಲ್ಲ. ರೆಕ್ಕೆಗಳ ಹಲಗೆಪಟ್ಟಿಗಳನ್ನೆಲ್ಲ ತೆರೆದೆ, ಗಾಳಿ ಬಂದರೆ ಹಾದು ಹೋಗಲಿ ಎಂದು. ಮೇಲೆ ಬಾ, ಒಬ್ಬಳಿಂದ ಆಗದು ಎಂದು ರೂಬೆನ್ನನಿಗೆ ಹೇಳಿ ಏಣಿ ಹತ್ತಿದೆ. ಆರು ಏಣಿ. ಕೊನೆಯದನ್ನು ಹತ್ತಿ ಟೋಪಿಯೊಳಗೆ ಹೋದದ್ದು ಇದೇ ಮೊದಲು, ಆಗ ಅದು ನೆನಪಿಗೇ ಬರಲಿಲ್ಲ. ಹಿಂದೆಯೇ ಅವನ ಬೂಟಿನ ಸದ್ದು ಕೇಳಿತು. ಹಿಂಚಕ್ರದ ಕೊಂಡಿ ಬಿಡಿಸಿ ಕಬ್ಬಿಣದ ಹಿಡಿಗೆ ಇಬ್ಬರೂ ಎದುರುಬದುರು ನಿಂತೆವು. ನೂರು ಸುತ್ತು ತಿರುವಿದರೆ ಟೋಪಿ ಒಂದು ಗಜ ಸರಿಯುತ್ತದೆ. ಏಳು ಗಜ ಸರಿಯಬೇಕು. ನಾನು ಎಣಿಸುತ್ತಿದ್ದೆ. ಅವನು ಎತ್ತಿನ ಹಾಗೆ ತಿರುವಿದ, ಅವನ ಬೆವರು ನನ್ನ ಕೈಮೇಲೆ ಬೀಳುತ್ತಿತ್ತು. ಐನೂರ ನಲವತ್ತಕ್ಕೆ ಗಾಳಿ ಹೊಡೆಯಿತು.

ಇಟ್ಟಿಗೆಯ ಗೋಪುರ ನಡುಗುತ್ತದೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಟೋಪಿ ಕೂತಲ್ಲೇ ಎದ್ದು ಎದ್ದು ಕೂತಿತು. ಹಲಗೆಪಟ್ಟಿಗಳು ಪಟಪಟನೆ ಕಿತ್ತು ಹೋದವು. ತಿರುವು, ತಿರುವು ಎಂದು ನಾನು ಕಿರುಚುತ್ತಿದ್ದೆ. ತಿರುವಿದ. ಆರುನೂರ ತೊಂಬತ್ತಕ್ಕೆ ಗಾಳಿ ಎದುರಿನಿಂದ ಬಡಿಯತೊಡಗಿತು, ಟೋಪಿ ಗಟ್ಟಿಯಾಗಿ ಕೂತಿತು. ಇಬ್ಬರೂ ಹಿಡಿಗೆ ಜೋತುಬಿದ್ದು ನಿಂತೆವು.

ಯಾವ ಕಡೆಯಿಂದ ಎಂದು ಕೇಳಿದ. ಈಶಾನ್ಯ ಎಂದೆ. ಅಪ್ಪನಿಗೂ ಅಲ್ಲಿಂದಲೇ ಎಂದ. ಅಷ್ಟೇ.

ಹತ್ತೊಂಬತ್ತು ಪಟ್ಟಿ ಹೋಗಿವೆ, ಹಿಂಚಕ್ರದ ಎರಡು ಎಲೆ ಮುರಿದಿವೆ. ಐದು ರೆಕ್ಕೆಯೂ ಇವೆ. ಕೆಳಗೆ ಪಿಂಚ್‌ಬೆಕ್ ಕೋಟಿನ ಕಾಲರ್ ಏರಿಸಿಕೊಂಡು ಹಿಟ್ಟಿನ ಅಟ್ಟದಲ್ಲಿ ನಿಂತಿದ್ದ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದ. ಎರಡು ವರ್ಷ ಎಂದೆ. ಮೂಟೆಗೆ ಕೈ ಹಾಕಿ ಹಿಟ್ಟನ್ನು ಬೆರಳಲ್ಲಿ ಉಜ್ಜಿ, ಇದನ್ನು ಬೀಸಿದ್ದು ಯಾರು ಎಂದ. ರೂಬೆನ್ ಎಂದೆ. ಬೆಳಗ್ಗೆ ಅವನು ಕೋಟು ಹಾಕಿ ಕೂತಿದ್ದ, ಕಲ್ಲಿನ ಹತ್ತಿರ ಇದ್ದದ್ದು ನಾನು, ಅದು ನಿಜ. ಆದರೆ ಗಿರಣಿ ಅವನದಲ್ಲವೇ. ಪತ್ರ ಬರೆಯುತ್ತೇನೆ ಎಂದು ಹೇಳಿ ಪಿಂಚ್‌ಬೆಕ್ ಹೊರಟುಹೋದ.

ಮುಗಿಯಿತು. ಗಿರಣಿ ಉಳಿಸಿ ಮನೆ ಕಳೆದೆ.

ಆಗಸ್ಟ್ 15

ಮೂರು ಮೈಲಿ ಆಚೆಯ ಸಾಲ್ಟಬಿಯ ಗಿರಣಿಯ ಟೋಪಿ ನಿನ್ನೆ ಹಾರಿಹೋಯಿತಂತೆ. ಅಲ್ಲಿನವನಿಗೆ ಎರಡು ಕಣ್ಣೂ ಚೆನ್ನಾಗಿವೆ. ರೂಬೆನ್ನನಿಗೆ ಹೇಳಿದೆ. ಸಮಾಧಾನವಾಗಲಿ ಎಂದು ಹೇಳಿದ್ದು, ಆಗಲಿಲ್ಲ.

ಆಗಸ್ಟ್ 27, ಸೋಮವಾರ

ಪತ್ರವಿಲ್ಲ. ಅಂಚೆಯವನು ಬೇಲಿ ದಾಟಿ ಮುಂದೆ ಹೋಗುವಾಗ ಕೈಕಾಲು ತಣ್ಣಗಾಗುತ್ತವೆ, ಬಂದರೂ ತಣ್ಣಗಾಗುತ್ತವೆ. ಹಲಗೆಪಟ್ಟಿಗಳನ್ನು ಜೋಡಿಸಿ ಮುಗಿಸಿದೆ. ಹೇಗೂ ಬಿಡಬೇಕಾದ ಗಿರಣಿಗೆ ಬಣ್ಣ ಬೇರೆ ಯಾಕೆ ಹೊಡೆದೆನೋ.

ಸೆಪ್ಟೆಂಬರ್ 8, ಶನಿವಾರ

ಪಿಂಚ್‌ಬೆಕ್ ತಾನೇ ಬಂದ. ರೂಬೆನ್ ಮಲಗುವ ಕೋಣೆಯಲ್ಲಿದ್ದ, ಬಾಗಿಲು ತೆರೆದೇ ಇತ್ತು.

ಎಂಟು ರೈತರ ಮನೆಗೆ ಹೋಗಿ ವಿಚಾರಿಸಿ ಬಂದನಂತೆ. ರೂಬೆನ್ನನ ಕಣ್ಣಿನ ವಿಷಯ ಎಂಟು ಮನೆಗೂ ಗೊತ್ತಿತ್ತಂತೆ. ಕಳೆದ ವರ್ಷದ ಸುಗ್ಗಿಯಿಂದಲೇ ಗೊತ್ತಿತ್ತಂತೆ. ನಾನಿಲ್ಲಿ ಊಟ ಬಿಟ್ಟು ಕಾಪಾಡಿದ ಗುಟ್ಟು ಊರಿಗೆಲ್ಲ ಗೊತ್ತು! ಯಾಕೆ ಧಾನ್ಯವನ್ನು ಲೌತಿಗೆ ಒಯ್ಯಲಿಲ್ಲ ಎಂದು ಕೇಳಿದ್ದಕ್ಕೆ, ವಸಂತದಿಂದ ಡಾರ್ಕಸ್ ಬೀಸುತ್ತಿದ್ದಾಳೆ, ನಮಗೇನೂ ತೊಂದರೆಯಿಲ್ಲ ಎಂದರಂತೆ. ಅವಳ ಹಾಡೊಂದನ್ನು ಕೇಳಲಾಗದು, ಹಿಟ್ಟು ಚೆನ್ನಾಗಿದೆ ಎಂದನಂತೆ ಜೋಬ್.

ಚೀಲದಿಂದ ಗೇಣಿಯ ಕಾಗದ ತೆಗೆದ. ಇಪ್ಪತ್ತೊಂದು ವರ್ಷಕ್ಕಲ್ಲ, ಒಂದೇ ವರ್ಷಕ್ಕೆ. ಗಿರಣಿಗಾರ ಎಂಬಲ್ಲಿ ಡಾರ್ಕಸ್ ಓಡ್ಲಿಂಗ್ ಎಂದಿತ್ತು. ಏನೋ ತಪ್ಪಾಗಿದೆ ಸಾರ್, ಗಿರಣಿಗಾರ ನನ್ನ ಗಂಡ ಎಂದೆ.

"ನಾನು ಕಂಡಿದ್ದನ್ನ ಬರೆದಿದ್ದೀನಮ್ಮ."

ಇಬ್ಬರ ಹೆಸರೂ ಇರಲಿ ಎಂದು ಬೇಡಿಕೊಂಡೆ. ಕಣ್ಣಿಲ್ಲದವನ ಹೆಸರಿಗೆ ದೊರೆಗಳು ಸಹಿ ಹಾಕುವುದಿಲ್ಲ ಎಂದ. ಸೋಮವಾರದವರೆಗೆ ಸಮಯ ಕೊಟ್ಟು ಹೋದ. ಒಳಗೆ ಹೋದರೆ ರೂಬೆನ್ ಗೋಡೆಗೆ ಮುಖ ಹಾಕಿ ಮಲಗಿದ್ದ. ನಿದ್ದೆ ಬಂದವನ ಹಾಗೆ ಉಸಿರಾಡುತ್ತಿದ್ದ. ಬಂದಿರಲಿಲ್ಲ.

ಸೆಪ್ಟೆಂಬರ್ 9, ಭಾನುವಾರ

ಅವನ ಅಜ್ಜನ ಗಿರಣಿಯನ್ನು ಅವನ ಕೈಯಿಂದ ಕಿತ್ತುಕೊಳ್ಳುವುದಕ್ಕಿಂತ ಗ್ರಿಮ್ಸ್‌ಬಿಯೇ ಮೇಲು. ಹಾಗೆಂದು ಅವನಿಗೆ ಹೇಳಿದೆ. ಅವನು ಚಹಾ ಕುಡಿಯಲಿಲ್ಲ.

ಸೆಪ್ಟೆಂಬರ್ 10

ಬೆಳಗ್ಗೆ ಎದ್ದು ಮೇಜಿಗೆ ಬಂದು ಕೂತ. ಸಹಿ ಹಾಕು ಎಂದ. ಬೇಡ ರೂಬೆನ್ ಎಂದೆ. ಸಹಿ ಹಾಕೇ ಎಂದ, ಜೋರಾಗಿ. ಹಾಕಿದೆ. ಮಸಿ ಚೆಲ್ಲಿತು. ಅವನು ಎದ್ದು ಕೊಳದ ಕಡೆಗೆ ಹೋದ, ಸಂಜೆಯವರೆಗೆ ಅಲ್ಲೇ ಇದ್ದ.

ಸೆಪ್ಟೆಂಬರ್ 11

ಒಬ್ಬಳೇ ಬೀಸಿದೆ. ಅವನು ಗಿರಣಿಯ ಕಡೆಗೆ ಬರಲಿಲ್ಲ. ಊಟಕ್ಕೆ ಕರೆದರೆ ಬಂದ, ಉಂಡ, ಹೋದ. ಹೀಗೇ ಬದುಕುವುದಾದರೆ ನನಗೆ ಈ ಗಿರಣಿಯೂ ಬೇಡ, ಏನೂ ಬೇಡ. ಹಿಟ್ಟು ಎಷ್ಟು ಚೆನ್ನಾಗಿ ಬಿದ್ದರೂ ನೋಡಲು ಮನಸ್ಸಾಗಲಿಲ್ಲ.

ಸೆಪ್ಟೆಂಬರ್ 12, ಬುಧವಾರ

ಎಂಟಕ್ಕೆ ನಾನು ಕಲ್ಲಿನ ಅಟ್ಟದಿಂದ ಇಳಿದು ಬರುವಾಗ ರೂಬೆನ್ ಕೆಳಗೆ ನಿಂತಿದ್ದ. ಕೆಲಸದ ಕೋಟು ಹಾಕಿಕೊಂಡಿದ್ದ, ಗುಂಡಿಗಳು ಮೇಲೆಕೆಳಗೆ ಬಿದ್ದಿದ್ದವು. ಬ್ರೇಕಿನ ಹಗ್ಗ ಕೈಯಲ್ಲಿತ್ತು, ಅದನ್ನು ಬಿಟ್ಟರೆ ರೆಕ್ಕೆಗಳು ತಿರುಗುತ್ತವೆ.

ಗಾಳಿ ಹೇಗಿದೆ ಎಂದು ಕೇಳಿದ. ಪಶ್ಚಿಮದ್ದು, ಇನ್ನೂ ಎಳೆಯದು, ಬಿಟ್ಟು ಬಿಟ್ಟು ಬರುತ್ತಿದೆ ಎಂದೆ. ಇಷ್ಟು ತಿಂಗಳೂ ನಾನು ಹೇಳುವುದು ಅಲ್ಲಿಗೆ ಮುಗಿಯುತ್ತಿತ್ತು. ಕೇಳಿಕೊಂಡು ಒಂದು ಗಳಿಗೆ ಯೋಚಿಸಿ ಹಗ್ಗ ಬಿಡುತ್ತಿದ್ದ. ಇವತ್ತು ಬಿಡಲಿಲ್ಲ. ಹಗ್ಗ ಹಿಡಿದುಕೊಂಡೇ ನಿಂತಿದ್ದ. ಯಾಕೆ ನಿಂತಿದ್ದಾನೆಂದು ನನಗೆ ಅರ್ಥವಾಗಲಿಲ್ಲ.

"ಬಿಡ್ಲಾ ಡಾರ್ಕಸ್?" ಎಂದ.

ನಲವತ್ತು ವರ್ಷ ಈ ಗಿರಣಿಯಲ್ಲಿ ದುಡಿದವನು. ಹಗ್ಗ ಬಿಡಲೇ ಎಂದು ಅಪ್ಪನನ್ನು ಬಿಟ್ಟರೆ ಯಾರನ್ನೂ ಕೇಳಿದವನಲ್ಲ. ಬಿಡು, ನಿನ್ನಿಷ್ಟ, ನಿನಗೆ ಗೊತ್ತಿಲ್ಲದ್ದೇ ಎಂದು ಹೇಳಿ ಅವನ ಕೈ ಹಿಡಿದುಕೊಳ್ಳಬೇಕು ಅನಿಸಿತು. ಬಾಗಿಲಿಗೆ ಹೋಗಿ ಆಕಾಶ ನೋಡಿದೆ. ಗಾಳಿ ನಿಜಕ್ಕೂ ಸಾಲದು.

"ಈಗ ಬೇಡ" ಎಂದೆ. "ಸ್ವಲ್ಪ ತಾಳು."

ತಾಳಿದ. ಮೂಟೆಯ ಮೇಲೆ ಕೂರಲೂ ಇಲ್ಲ, ನಿಂತೇ ಇದ್ದ. ನಾನು ಅವನ ಹತ್ತಿರ ಹೋಗಿ ಕೋಟಿನ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿದೆ. ಅವನ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ, ನನಗೂ ಕಾಣುವುದಿಲ್ಲ ಎಂದುಕೊಂಡನೋ ಏನೋ. ಒಂಬತ್ತೂವರೆಗೆ ಗಾಳಿ ಗಟ್ಟಿಯಾಯಿತು. ಬಿಡು ಎಂದೆ. ಬಿಟ್ಟ.